ಐದನೇ ಸಾಲಿನ ನಿಲುಗಡೆ

ಧಾರವಾಡ,
ಫೆಬ್ರವರಿ ೩೦, ೨೧೬೧

ಪ್ರೀತಿಯ ಸುಲೋಚನಾ ಆಯಿಗೆ, ನಿನ್ನ ಮೊಮ್ಮಗಳ ಮರಿಮೊಮ್ಮಗಳು ಇಂದುಮತಿ ಮಾಡುವ ನಮಸ್ಕಾರ.

ತಾರೀಖು ನೋಡಿ ನಗಬೇಡ. ಫೆಬ್ರವರಿ ಒಂದೇ ಯಾಕೆ ಸೊರಗಬೇಕು, ಪಾಪ, ಅಂತ ನಮ್ಮವರು ಅದಕ್ಕೂ ಮೂವತ್ತು ದಿನ ಕೊಟ್ಟಿದ್ದಾರೆ. ನನ್ನ ಮಾತು ಅಲ್ಲಲ್ಲಿ ಸೊಟ್ಟಗೆ ಕೇಳಿಸಿದರೆ ಹೊಟ್ಟೆಯಲ್ಲಿ ಹಾಕಿಕೋ. ನಿನ್ನ ಕಾಲದ ಕನ್ನಡವನ್ನು ನಾನು ಕಲಿತದ್ದು ನಿನ್ನ ಬಾಯಿಂದಲೇ, ಅದೂ ಪಿಯಾನೋ ಕೀಬೋರ್ಡಿನ ಮುಂದೆ ಕೂತು ನಿನ್ನ ಬೆರಳಿಗೆ ನೀನೇ ಬೈದುಕೊಂಡದ್ದರಿಂದ. ಹಾಗಾಗಿ ನನಗೆ ಬೈಗುಳ ಚೆನ್ನಾಗಿ ಬರುತ್ತದೆ, ಮರ್ಯಾದೆಯ ಮಾತು ಸ್ವಲ್ಪ ಕಡಿಮೆ.

ನಮ್ಮ ಕಾಲದಲ್ಲಿ ಮನೆಗೊಂದು ದನಿಗೂಡು ಇರುತ್ತದೆ. ತೆಂಗಿನ ಕರಟದಷ್ಟು ದೊಡ್ಡದು, ಹಿರಿಯರ ದನಿಯೆಲ್ಲ ಅದರಲ್ಲಿ. ನಮ್ಮ ಗೂಡಿನಲ್ಲಿ ಎಲ್ಲಕ್ಕಿಂತ ಹಳೆಯದು ನಿನ್ನದು: ನೀನು ಫೋನಿನಲ್ಲಿ ಹಿಡಿದಿಟ್ಟ ಮೂವತ್ತೇಳು ದಿನದ ಅಭ್ಯಾಸ. ಮನೆಯಲ್ಲೇ ಬ್ಲೌಸ್ ಹೊಲಿಯುವ ಐವತ್ಮೂರು ವರ್ಷದ ಹೆಂಗಸು, ಯಾರೋ ಬೇಡವೆಂದ ಕೀಬೋರ್ಡನ್ನು ಮಷಿನ್ನಿನ ಪಕ್ಕಕ್ಕೆ ಇಟ್ಟುಕೊಂಡು, ವೀಡಿಯೊ ನೋಡಿ ನೋಡಿ, ಮೂರೆಣಿಕೆಯ ತಾಳದ ಒಂದು ಪುಟ್ಟ ಧಾಟಿಯ ಬೆನ್ನು ಹತ್ತಿದ್ದು. ಹೇಳಿಕೊಡುವವರು ಯಾರೂ ಇಲ್ಲ. ತಪ್ಪಿದಾಗೆಲ್ಲ, ‘ಏ ಕಿರುಬೆರಳ, ನಿನಗೇನ್ ಧಾಡಿ ಆಗೇತಿ?’

ನಾವು ಬಿಸಿಲಿಗೆ ಹೆದರಿ ಓಣಿಯ ಮೇಲೆಲ್ಲ ನೆರಳುಬಟ್ಟೆ ಎಳೆದುಕೊಂಡು ಬದುಕುವವರು. ರೊಟ್ಟಿ ಮಾತ್ರ ಈಗಲೂ ಕೈಯಲ್ಲೇ ಬಡಿಯುತ್ತೇವೆ, ಅದರಲ್ಲಿ ಬದಲಿಲ್ಲ. ನೀರು ಹನಿಗೋಡೆಯಿಂದ ಬರುತ್ತದೆ. ಗಾಳಿಯ ತೇವ ಹೀರಿ ಇಟ್ಟುಕೊಳ್ಳುವ ಗೋಡೆ ಅದು, ಕೈ ಒಡ್ಡಿದರೆ ಸಾಕು. ನನ್ನ ಮೊಮ್ಮಕ್ಕಳಿಗೆ ಕೊಡ ಅಂದರೆ ಏನೆಂದೇ ಗೊತ್ತಿಲ್ಲ.

ನಿನ್ನ ಧಾಟಿಯ ಐದನೇ ಸಾಲಿನಲ್ಲಿ ನೀನು ಕೈ ಎತ್ತಿ ನಿಲ್ಲುತ್ತೀ. ಎರಡು ಉಸಿರು ಎಳೆದುಕೊಳ್ಳುವಷ್ಟು ಹೊತ್ತು. ಆಮೇಲೆ ಮುಂದಕ್ಕೆ ಹೋಗುತ್ತೀ. ನನ್ನಜ್ಜಿ, ನನ್ನವ್ವ, ನಾನು, ಮೂವರೂ ನಿನ್ನನ್ನು ಕೇಳಿ ಕೇಳಿಯೇ ಕಲಿತೆವು, ಮೂವರೂ ಅಲ್ಲಿ ಕಣ್ಣು ಮುಚ್ಚಿ ನಿಂತೆವು. ಅದೇ ಈ ಧಾಟಿಯ ಜೀವ ಅನ್ನುತ್ತಿದ್ದಳು ಅವ್ವ. ಎಷ್ಟೋ ಸಲ ಅಲ್ಲಿಗೆ ಬಂದಾಗ ಅವಳ ಕಣ್ಣು ತುಂಬುತ್ತಿತ್ತು.

ಟೀಚರ್ ಹತ್ತಿರ ಹೋಗುವುದು ನಮ್ಮ ಮನೆತನಕ್ಕೇ ಅವಮಾನ ಅಂತ ನನ್ನ ಜಂಬ. ಹೋದ ವರ್ಷ ನುಡಿಸಿ ನುಡಿಸಿ ಮಣಿಕಟ್ಟು ನೋಯತೊಡಗಿತು, ರೊಟ್ಟಿ ಬಡಿಯಲೂ ಆಗದಷ್ಟು. ಅರವತ್ನಾಲ್ಕನೇ ವಯಸ್ಸಿಗೆ ಜಂಬ ನುಂಗಿಕೊಂಡು, ಪಿಯಾನೋ ಕಲಿಸುವ ಜೆಸಿಂತಾ ಟೀಚರ ಮನೆಗೆ ಹೋದೆ. ನನ್ನ ಅರ್ಧ ವಯಸ್ಸಿನಾಕೆ. ಒಂದೇ ಬೆರಳಿನಿಂದ ನನ್ನ ಮೊಣಕೈ ಎತ್ತಿದಳು, ಅಷ್ಟೇ! ಇಪ್ಪತ್ತು ವರ್ಷ ನಾನು ಒಬ್ಬಳೇ ಗುದ್ದಾಡಿದ್ದು ಹಗುರಾಗಿಬಿಟ್ಟಿತು. ಆದರೆ ಐದನೇ ಸಾಲಿಗೆ ಬಂದಾಗ ಹೇಳಿದಳು, ಇಲ್ಲಿ ನಿಲ್ಲುವ ಹಾಗಿಲ್ಲ ಅಜ್ಜಿ, ಇದು ತಪ್ಪು. ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ಬಂದೆ. ಮೂರು ದಿನ ಅವಳನ್ನು ಮನಸಾರೆ ಬೈದು, ನಾಲ್ಕನೇ ದಿನ ನಾಚಿಕೆ ಬಿಟ್ಟು ಮತ್ತೆ ಹೋದೆ. ಅವಳೇ ಕೇಳಿದಳು, ನಿಮ್ಮ ಆಯಿ ಯಾಕೆ ನಿಲ್ಲುತ್ತಿದ್ದರು, ನೋಡೋಣ ಬನ್ನಿ.

ನಿನ್ನ ಮೂವತ್ತೇಳರಲ್ಲಿ ಮೂರು ಅರ್ಧಕ್ಕೇ ಮುಗಿಯುತ್ತವೆ. ಅವನ್ನು ನಾವು ಯಾರೂ ಕಿವಿಗೊಟ್ಟು ಕೇಳಿದವರಲ್ಲ. ಜೆಸಿಂತಾ ಅವನ್ನೇ ಹಚ್ಚಿದಳು. ಐದನೇ ಸಾಲಿನಲ್ಲಿ ಎಡಗೈಗೆ ಕೆಲಸವಿಲ್ಲ, ಸದ್ದು ಸಣ್ಣದಾಗುತ್ತದೆ. ನೀನು ನಿಂತೆ. ದೂರದಲ್ಲಿ ಬುಸ್ ಅಂತ ಏನೋ. ಕುರ್ಚಿ ಸರಿಯಿತು. ‘ಅಯ್ಯ, ನಳಾ ಬಂತು!’ ಆಮೇಲೆ ಕೊಡಗಳ ಸಪ್ಪಳ, ಓಡುವ ಕಾಲಿನ ಸಪ್ಪಳ.

ಆಯಿ, ನೀನು ಎಂಟು ದಿನಕ್ಕೊಮ್ಮೆ ಬರುವ ನೀರಿಗೆ ಕಿವಿ ಕೊಟ್ಟು ನಿಲ್ಲುತ್ತಿದ್ದೆ! ನಾವು ಮೂರು ತಲೆಮಾರು ಅದಕ್ಕೆ ಕಣ್ಣು ಮುಚ್ಚಿ ಕೂತಿದ್ದೇವೆ! ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಆಮೇಲೆ, ಸುಳ್ಳು ಯಾಕೆ ಹೇಳಲಿ, ಅತ್ತುಬಿಟ್ಟೆ. ಒಂದು ಧಾಟಿಯನ್ನು ಪೂರ್ತಿ ನುಡಿಸುವಷ್ಟು ನೆಮ್ಮದಿಯ ಹೊತ್ತು ಕೂಡ ನಿನಗೆ ಯಾರೂ ಕೊಡಲಿಲ್ಲವಲ್ಲ.

ಈಗ ಈ ಕಾಗದದ ವಿಷಯ. ಕಾಗದವನ್ನು ಹಿಂದಿನ ಕಾಲಕ್ಕೆ ಕಳಿಸುವ ವಿದ್ಯೆ ನಮ್ಮಲ್ಲಿನ್ನೂ ಪಳಗಿಲ್ಲ, ಒಂದೇ ಒಂದು ದಿನಕ್ಕೆ ತಲುಪಿಸಬಹುದಂತೆ. ನಾನು ಆರಿಸಿದ್ದು ಮೂವತ್ತೇಳನೆಯ ದಿನ. ಅವತ್ತು ಕೊನೆಗೆ ನೀನು ಹೇಳುತ್ತೀ: ‘ಫಿಲೋಮಿನಾ ಟೀಚರ್ ಕಲಿಸ್ತೀನಿ ಬಾ ಅಂತಾರ. ಈ ವಯಸ್ಸಿನ್ಯಾಗ ಸಣ್ಣ ಹುಡುಗೂರ ಜೋಡಿ ಕುಂತ್ರ ಮಂದಿ ನಗ್ತಾರ. ಸಾಕಾತು, ನಾಳೆ ಇದನ್ನ ಅಟ್ಟಕ್ಕ ಹಾಕ್ತೀನಿ.’ ಅಲ್ಲಿಂದ ಮುಂದೆ ನಿನ್ನ ದನಿ ಇಲ್ಲ.

ಅಟ್ಟಕ್ಕೆ ಹಾಕಬೇಡ. ಹೋಗು. ಒಬ್ಬಳೇ ಇಷ್ಟು ದೂರ ಬಂದಿದ್ದೀ, ಅದೇನು ಸಣ್ಣ ಮಾತಲ್ಲ. ಇನ್ನು ಯಾರಾದರೂ ನಿನ್ನ ಮೊಣಕೈ ಹಿಡಿಯಲಿ. ನಗುವವರು ನಗಲಿ, ಅವರ ಹೆಸರು ನಮ್ಮ ಯಾವ ಗೂಡಿನಲ್ಲೂ ಉಳಿದಿಲ್ಲ. ನೀನು ಹೋದರೆ ಟೀಚರು ಆ ನಿಲುಗಡೆ ತಿದ್ದಿಬಿಡುತ್ತಾರೆ, ನಮ್ಮವರೆಗೆ ಅದು ಬರಲಿಕ್ಕಿಲ್ಲ. ಅವ್ವನ ಕಣ್ಣು ತುಂಬಿದ್ದೂ ಇಲ್ಲವಾಗಬಹುದು. ಆದರೂ ಹೋಗು.

ನಾಳೆ ಜೆಸಿಂತಾ ಟೀಚರ ಮನೆಯಲ್ಲಿ ಕಲಿಯುವವರೆಲ್ಲ ನುಡಿಸುತ್ತೇವೆ. ಎಲ್ಲರಿಗಿಂತ ಸಣ್ಣವಳಿಗೆ ಏಳು ವರ್ಷ, ದೊಡ್ಡವಳು ನಾನು. ಸರಿಯಾಗಿ ನುಡಿಸುವುದು ನನಗೀಗ ಬರುತ್ತದೆ. ಆದರೂ ಇದೊಂದು ಸಲ ಐದನೇ ಸಾಲಿನಲ್ಲಿ ಕೈ ಎತ್ತಿ ನಿಲ್ಲುತ್ತೇನೆ, ಟೀಚರ್ ಒಪ್ಪಿದ್ದಾಳೆ. ನಳ ಬಂದಿದ್ದರೆ ನೀನು ಗಡಿಬಿಡಿ ಮಾಡಬೇಡ ಆಯಿ. ಎಲ್ಲ ಕೊಡ ತುಂಬಿಸಿಕೊಂಡೇ ಬಾ. ನಾನು ಕಾಯುತ್ತಿರುತ್ತೇನೆ.

ನಿನ್ನ
ಇಂದುಮತಿ