ಐದು ನಿಮಿಷ ಪಾಠವೇ ನಡೆಯಲಿಲ್ಲ ಎಂದವರಿಗೆ

ಮಾನ್ಯ ಪಾಠಯೋಜನೆ ಪರಿಶೀಲನಾಧಿಕಾರಿಗಳೇ,

ಒಂಬತ್ತನೇ ತರಗತಿಯವರು ತೂಕಡಿಸಿದ ಪಾಠಕ್ಕೆ ತಾವು ‘ಉತ್ತಮ’ ಎಂದು ಷರಾ ಬರೆದಿದ್ದೀರಿ. ಗಂಟೆ ಹೊಡೆದರೂ ಅದೇ ಮಕ್ಕಳು ಜಾಗ ಬಿಟ್ಟು ಕದಲದ ಪಾಠವನ್ನು ‘ತಿರಸ್ಕರಿಸಲಾಗಿದೆ’ ಎಂದು ವಾಪಸು ಕಳಿಸಿದ್ದೀರಿ. ಎರಡೂ ನಾನೇ ಮಾಡಿದ ಪಾಠಗಳು. ಷರಾಗಳು ಅದಲುಬದಲಾಗಿರಬೇಕೆಂದು ತಮ್ಮ ಕಚೇರಿಗೆ ಫೋನು ಮಾಡಿದೆ. ಗುಮಾಸ್ತರು ಕಡತ ತೆಗೆದು ನೋಡಿ, ಎಲ್ಲ ಸರಿಯಾಗಿಯೇ ಇದೆ ಎಂದರು. ಅದಕ್ಕೇ ಈ ಪತ್ರ, ನಾಲ್ಕು ಜನರ ಎದುರಿಗೆ.

ನಾನು ಇಪ್ಪತ್ತೆರಡು ವರ್ಷ ಗಣಿತ ಹೇಳಿಕೊಟ್ಟವಳು. ನಾಟಕ ಕಲಿಸುತ್ತಿದ್ದ ಮೇಷ್ಟ್ರು ಬೇರೆ ಶಾಲೆಗೆ ಹೋದರು. ನನ್ನ ವೇಳಾಪಟ್ಟಿಯಲ್ಲಿ ವಾರಕ್ಕೆ ಎರಡು ಪಿರಿಯಡ್ಡು ಖಾಲಿ ಇದ್ದವು. ನಾಟಕದ ಟೀಚರಾಗಲು ನನಗಿದ್ದ ಅರ್ಹತೆ ಇಷ್ಟೇ. ತಮ್ಮ ನಮೂನೆಯಲ್ಲಿ ನಲವತ್ತು ನಿಮಿಷಕ್ಕೆ ಎಂಟು ಚೌಕಗಳಿವೆ, ಪ್ರತಿ ಐದು ನಿಮಿಷಕ್ಕೊಂದು ಕಲಿಕಾಂಶ. ಚೌಕ ಕಂಡರೆ ಗಣಿತದವರಿಗೆ ಖುಷಿ. ನಾಟಕ ಎಂದರೇನು, ಅದರ ವಿಧಗಳೆಷ್ಟು, ಅಂಗಗಳೆಷ್ಟು ಎಂದು ಎಂಟನ್ನೂ ತುಂಬಿಸಿ, ಉಕ್ತಲೇಖನ ಹೇಳಿದೆ. ಮೂರನೇ ಚೌಕಕ್ಕೆ ಹಿಂದಿನ ಬೆಂಚು ಮಲಗಿತು. ಆರನೇ ಚೌಕದಲ್ಲಿ ನಾನೇ ಆಕಳಿಸಿದೆ. ಹದಿನೈದು ದಿನಕ್ಕೆ ತಮ್ಮ ಒಕ್ಕಣೆ ಬಂತು: ‘ಉತ್ತಮ. ಇತರರಿಗೆ ಮಾದರಿ.’ ಆ ಪಾಠದಲ್ಲಿ ಒಂದಾದರೂ ಮಗು ಆಕಳಿಸಲಿಕ್ಕಲ್ಲದೆ ಬಾಯಿ ತೆರೆಯಿತೇ ಎಂದು ಯಾರಾದರೂ ಕೇಳಿದಿರಾ?

ತಾವು ಕೇಳಲಿಲ್ಲ, ನಮ್ಮ ಅತ್ತೆ ಕೇಳಿದರು. ನಮ್ಮತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದು ನಿವೃತ್ತರಾದವರು. ಭಾನುವಾರ ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ನಾನು ಪಾಠಯೋಜನೆ ಹರಡಿಕೊಂಡರೆ, ಅವರು ಬೀನ್ಸಿನ ನಾರು ಬಿಡಿಸುತ್ತ ಎದುರಿಗೆ ಕೂರುತ್ತಾರೆ. ಮಾದರಿ ಪಾಠವನ್ನು ಓದಿ ಹೇಳಿದೆ. ಅವರು ಕನ್ನಡಕ ಮೇಲೇರಿಸಿ, ಇದರಲ್ಲಿ ಮಕ್ಕಳು ಮಾಡೋದೇನು ಎಂದರು. ಬರೆದುಕೊಳ್ಳೋದು ಎಂದೆ. ಹಾಗಾದರೆ ನಾಟಕ ಮಾಡ್ತಿರೋದು ನೀನೊಬ್ಬಳೇ ಅಂತಾಯ್ತು ಎಂದು ಬೀನ್ಸಿಗೆ ಮರಳಿದರು. ಆಮೇಲೆ ಅವರಾಗಿಯೇ ಹಳೆಯ ಟ್ರಂಕ್ ಕಾಲ್ ದಿನಗಳ ಮಾತು ತೆಗೆದರು. ಒಂದು ಕರೆಗೆ ಮೂರೇ ನಿಮಿಷ. ಮೊದಲೆರಡು ನಿಮಿಷ ಜನ ಊಟ, ಆರೋಗ್ಯ, ಹವೆ ಎಂದು ಕಳೆಯುತ್ತಿದ್ದರಂತೆ.

“ಟೈಮ್ ಮುಗೀತಾ ಬಂತು ಅಂತ ನಾನು ಹೇಳಿದ ಮೇಲೇ ಕಣೆ ನಿಜವಾದ ಮಾತು ಹೊರಗೆ ಬರ್ತಿದ್ದದ್ದು” ಎಂದರು ಅತ್ತೆ. “ನಿನ್ನ ಮಕ್ಕಳಿಗೂ ಮಾತು ಅಳೆದು ಕೊಡು, ನೋಡು.”

ತಾವು ತಿರಸ್ಕರಿಸಿದ ಪಾಠ ಹುಟ್ಟಿದ್ದು ಹೀಗೆ. ಬೆಂಚುಗಳನ್ನೆಲ್ಲ ಗೋಡೆಗೆ ಒತ್ತಿ, ಕೋಣೆಯ ನಡುವೆ ಒಂದು ಕುರ್ಚಿ. ಒಬ್ಬರು ಕೂರಬೇಕು, ಇನ್ನೊಬ್ಬರು ಅವರನ್ನು ಎಬ್ಬಿಸಬೇಕು. ಮುಟ್ಟುವಂತಿಲ್ಲ, ಸುಳ್ಳು ಹೇಳುವಂತಿಲ್ಲ, ಕೈಯಲ್ಲಿರುವುದು ಮೂರೇ ವಾಕ್ಯ. ಮೊದಲು ಅತ್ತೆಯ ಮೇಲೆ ಪ್ರಯೋಗಿಸಿದೆ. ಅವರು ಏಳಲೇ ಇಲ್ಲ. ಕೊನೆಗೆ ನಾನು ನಿಂತುಕೊಂಡೇ ತಿಂಡಿ ತಿಂದೆ. ಪಾಠ ಚೆನ್ನಾಗಿದೆ ಎಂದು ಆಗಲೇ ಗೊತ್ತಾಯಿತು.

ಮರುದಿನ ತಮ್ಮ ಕಚೇರಿಯ ಮೌಲ್ಯಮಾಪಕರು ಬಂದು, ನಮೂನೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲ ಬಳಿ ಕೂತರು. ಚೀಟಿ ಎತ್ತಿದಾಗ ಬಂದದ್ದು ಇಬ್ಬರು ಹುಡುಗಿಯರ ಸರದಿ. ಎಬ್ಬಿಸಬೇಕಾದವಳು ಕ್ಷೌರಿಕರ ಮಗಳು. ಬಾಯಿಗೆ ಬಿಡುವಿಲ್ಲದ್ದರಿಂದ ಇಡೀ ಶಾಲೆ ಅವಳನ್ನು ರೇಡಿಯೋ ಎನ್ನುತ್ತದೆ. ಕುರ್ಚಿಯಲ್ಲಿ ಕೂತವಳು ಬಸ್ ಡ್ರೈವರ ಮಗಳು. ಒಂದನೇ ತರಗತಿಯಿಂದ ಜೀವದ ಗೆಳತಿಯರು. ಆದರೆ ಎರಡು ತಿಂಗಳ ಹಿಂದೆ, ಡ್ರೈವರ ಮಗಳು ನಂಬಿ ಹೇಳಿದ್ದ ಮನೆಯ ಗುಟ್ಟೊಂದನ್ನು ರೇಡಿಯೋ ಎಲ್ಲರೆದುರು ಒದರಿಬಿಟ್ಟಿದ್ದಳಂತೆ. ಅಂದಿನಿಂದ ಮಾತು ಬಂದ್. ಇದು ತರಗತಿಗೆಲ್ಲ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಗುಟ್ಟು ಏನೆಂದು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಬಯಲಾದದ್ದೇ ಸಾಕು. (ಈ ಪತ್ರವನ್ನು ಇಬ್ಬರಿಗೂ ತೋರಿಸಿ ಒಪ್ಪಿಗೆ ಪಡೆದಿದ್ದೇನೆ. ತನ್ನ ಭಾಗ ಚಿಕ್ಕದಾಯಿತೆಂದು ಒಬ್ಬಳ ತಕರಾರಿದೆ. ಯಾರೆಂದು ಹೇಳಬೇಕಾಗಿಲ್ಲ.)

ರೇಡಿಯೋ ತನಗೆ ಕಾಲು ನೋಯುತ್ತಿದೆ, ಕುರ್ಚಿ ಬಿಡು ಎಂದಳು. ನೋಯುತ್ತಿಲ್ಲ ಎಂದಳು ಕೂತವಳು, ಶಾಂತವಾಗಿ. ಒಂದು ವಾಕ್ಯ ದಂಡವಾಯಿತು. ನಾಳೆಯಿಂದ ಕಿಟಕಿ ಪಕ್ಕದ ನನ್ನ ಜಾಗ ನಿನಗೇ ಎಂದು ಆಸೆ ತೋರಿಸಿದಳು. ಡ್ರೈವರ ಮಗಳು ಕಿಟಕಿಯ ಕಡೆ ನೋಡಿದಳು, ಏಳಲಿಲ್ಲ. ಇನ್ನು ಉಳಿದದ್ದು ಒಂದೇ ವಾಕ್ಯ.

ಆಗ ರೇಡಿಯೋ ಸುಮ್ಮನಾದಳು. ಜಡೆಯ ತುದಿ ತಿರುವುತ್ತ, ನೆಲ ನೋಡುತ್ತ ನಿಂತಳು. ಒಂದು ನಿಮಿಷವಾಯಿತು, ಎರಡಾಯಿತು, ನಾಲ್ಕೂ ದಾಟಿತು. ಮಧ್ಯೆ ಬಾಯಿ ಹಾಕಲೇ, ಬೇಡವೇ? ಮೂವತ್ತಾರು ಮಕ್ಕಳಲ್ಲಿ ಒಬ್ಬರೂ ಮಿಸುಕಲಿಲ್ಲ. ತಮ್ಮ ಮೌಲ್ಯಮಾಪಕರ ಪೆನ್ನು ಉರುಳಿ ಬೆಂಚಿನಡಿ ಸೇರಿತು. ಅವರು ಅದನ್ನು ಎತ್ತಿಕೊಳ್ಳಲೂ ಬಗ್ಗಲಿಲ್ಲ. ಕೊನೆಗೆ ಅವಳು ತಲೆಯೆತ್ತಿದಳು.

“ನಿಮ್ಮನೆ ವಿಷಯ ನಾನು ಎಲ್ಲರ ಮುಂದೆ ಹೇಳಬಾರದಾಗಿತ್ತು.”

“ಇಷ್ಟು ಹೇಳೋಕೆ ಎರಡು ತಿಂಗಳು ಬೇಕಾಯ್ತಾ ನಿಂಗೆ?” ಎಂದಳು ಡ್ರೈವರ ಮಗಳು. ಹಾಗೆಂದವಳು ಎದ್ದಳೇ? ಇಲ್ಲ. ಒಂದು ಅಂಚಿಗೆ ಜರುಗಿ, ಅರ್ಧ ಕುರ್ಚಿ ಬಿಟ್ಟುಕೊಟ್ಟಳು. ರೇಡಿಯೋ ಹೋಗಿ ಕೂತಳು.

ಅಲ್ಲಿಂದ ಶುರುವಾಯಿತು ನೋಡಿ ಗದ್ದಲ. ಎಬ್ಬಿಸಲಿಲ್ಲವಾದ್ದರಿಂದ ಸೋತಳು ಎಂದು ಅರ್ಧ ತರಗತಿ. ಕುರ್ಚಿ ಸಿಕ್ಕಿತಲ್ಲ, ಗೆದ್ದಳು ಎಂದು ಇನ್ನರ್ಧ. ಕೈ ಎತ್ತದವರು ಕೈ ಎತ್ತಿದರು, ಕೈ ಎತ್ತುವವರು ಬೆಂಚು ಹತ್ತಿದರು. ಗಂಟೆ ಹೊಡೆದದ್ದು ಯಾರಿಗೂ ಕೇಳಲಿಲ್ಲ.

ಈಗ ತಮ್ಮ ವರದಿ: ‘ಸುಮಾರು ಐದು ನಿಮಿಷ ಯಾವುದೇ ಬೋಧನೆ ನಡೆಯಲಿಲ್ಲ. ತದನಂತರ ಅತಿಯಾದ ಗದ್ದಲ. ಮುಂದಿನ ತಿಂಗಳಿನಿಂದ, ಈ ಹಿಂದೆ ಅನುಮೋದಿಸಲಾದ ಮಾದರಿ ಯೋಜನೆಯನ್ನೇ ಅನುಸರಿಸತಕ್ಕದ್ದು.’ ಅಂದರೆ ಉಕ್ತಲೇಖನ. ಆ ಐದು ನಿಮಿಷದಲ್ಲಿ ಒಂದು ಹುಡುಗಿ, ಒಂದು ಮಾತು ಆಡುವ ಮುನ್ನ ಅದನ್ನು ಜೀವನದಲ್ಲಿ ಮೊದಲ ಬಾರಿಗೆ ತೂಗಿ ನೋಡಿದಳಲ್ಲ, ಅದು ಯಾವ ಚೌಕಕ್ಕೂ ಸೇರುವುದಿಲ್ಲವೇ? ಮಾತಿಗೆ ಎಷ್ಟು ಭಾರ, ಮೌನಕ್ಕೆ ಎಷ್ಟು ಉದ್ದ ಎಂದು ಕಲಿಯದೆ ನಾಟಕದಲ್ಲಿ ಕಲಿಯುವುದು ಇನ್ನೇನನ್ನು? ಮತ್ತೊಂದು ಸಂಗತಿ ವರದಿಯಲ್ಲಿಲ್ಲ, ಆದ್ದರಿಂದ ನಾನೇ ತಿಳಿಸುತ್ತೇನೆ. ಹೊರಡುವಾಗ ತಮ್ಮ ಮೌಲ್ಯಮಾಪಕರು ನನ್ನ ಹತ್ತಿರ ಬಂದು, ದನಿ ತಗ್ಗಿಸಿ, “ಅವಳು ಎದ್ದೇ ಇಲ್ವಲ್ಲ ಮೇಡಂ, ಹಾಗಾದ್ರೆ ಗೆದ್ದದ್ದು ಯಾರು?” ಎಂದರು. ಇದನ್ನೇ ಬರೆಯಿರಿ ಎಂದೆ. ನಮೂನೆಯಲ್ಲಿ ಜಾಗವಿಲ್ಲ ಎಂದು ನಿಟ್ಟುಸಿರಿಟ್ಟರು. ಪಾಪ, ಅವರದೇನೂ ತಪ್ಪಿಲ್ಲ.

ಗೆಳತಿಯರಿಬ್ಬರೂ ಈಗ ಗಣಿತದ ಪಿರಿಯಡ್ಡಿನಲ್ಲಿ ಒಟ್ಟಿಗೆ ಕೂತು ಎಡೆಬಿಡದೆ ಮಾತಾಡುತ್ತಾರೆ. ಗಣಿತದವಳಾಗಿ ನನಗೆ ಇದರಿಂದ ನಷ್ಟವೇ. ಆದರೂ ದೂರು ಕೊಡುತ್ತಿಲ್ಲ.

ನನ್ನ ಬೇಡಿಕೆ ದೊಡ್ಡದಲ್ಲ. ಆ ಷರಾ ಹೊಡೆದುಹಾಕಿ, ಪಾಠವನ್ನು ಮಂಜೂರು ಮಾಡಿ. ಮಾದರಿ ಎಂದು ಹೊಗಳಿದ ನನ್ನ ಉಕ್ತಲೇಖನವನ್ನು ದಯವಿಟ್ಟು ಬೇರೆ ಶಾಲೆಗಳಿಗೆ ಕಳಿಸಬೇಡಿ. ಆ ಮಕ್ಕಳು ನನಗೇನೂ ಕೆಟ್ಟದ್ದು ಮಾಡಿಲ್ಲ. ಕೊನೆಯದಾಗಿ, ಬರುವ ಸೋಮವಾರ ಮೂರನೇ ಪಿರಿಯಡ್ಡಿಗೆ ತಾವೇ ಬನ್ನಿ. ನಮ್ಮಲ್ಲಿ ಬಂದವರು ಸುಮ್ಮನೆ ನೋಡುತ್ತ ಕೂರುವಂತಿಲ್ಲ, ಪಾತ್ರ ವಹಿಸಬೇಕು. ಮಕ್ಕಳು ಈಗಾಗಲೇ ಕೂಡಿ ಚರ್ಚಿಸಿ ತಮಗೊಂದು ಪಾತ್ರ ಆರಿಸಿಟ್ಟಿದ್ದಾರೆ: ತರಗತಿಗೆ ತಡವಾಗಿ ಬಂದ ವಿದ್ಯಾರ್ಥಿ. ಬಾಗಿಲಲ್ಲಿ ನಿಂತು ಕಾರಣ ಹೇಳಬೇಕು. ಒಪ್ಪಿಗೆಯಾದರೆ ಒಳಗೆ ಬಿಟ್ಟುಕೊಳ್ಳುತ್ತಾರೆ.

ಇಂತಿ,
ತಮ್ಮ ಮಂಜೂರಾತಿ ಬರುವ ಮೊದಲೇ ಸೋಮವಾರದ ಪಾಠ ಬರೆದು ಮುಗಿಸಿರುವ,
ಲೆಕ್ಕ ತಪ್ಪಿ ನಾಟಕಕ್ಕೆ ಬಿದ್ದ ಟೀಚರ್