ಅಕ್ಕ ಹೊತ್ತ ನನ್ನ ಕಲ್ಲು

ಮಾರ್ಚ್ 3, ಸೋಮವಾರ

ಬೆಳಿಗ್ಗೆಯಿಂದ ಯೂನಿಫಾರಂಗಳಿಗೆ ಕಾಜಾ ಹಾಕಿ ಬೆರಳೆಲ್ಲ ತೂತು. ಮಧ್ಯಾಹ್ನ ಆಸ್ಪತ್ರೆ. ಅಮ್ಮನ ಹಾರ್ಟ್ ಆಪರೇಷನ್ ಶುಕ್ರವಾರ. ಒಪ್ಪಿಗೆ ಪತ್ರಕ್ಕೆ ಸಹಿ ಮಾತ್ರ ಹಾಕಲೊಲ್ಲಳು.

"ನೀವಿಬ್ರೂ ಬೆಟ್ಟಕ್ಕೆ ಕಲ್ಲು ಹೊತ್ತು ಬನ್ನಿ. ಆಮೇಲೆ ಹಾಕ್ತೀನಿ."

ಆ ಅಕ್ಕನ ಜೊತೆ! ಅಪ್ಪನ ಶವಪೆಟ್ಟಿಗೆ ಮುಂದೆ, ಅಷ್ಟು ಜನ ನಿಂತಿರುವಾಗ, "ನೀನು ಸರಿಯಾಗಿ ನೋಡ್ಕೊಳ್ದೆ ಅಪ್ಪ ಹೋದ್ರು" ಅಂದವಳು. ಅಪ್ಪ ಹಾಸಿಗೆ ಹಿಡಿದಿದ್ದಾಗ ಒಂದು ದಿನವೂ ಬಂದವಳಲ್ಲ. ಅಂದಿನಿಂದ ಮಾತಿಲ್ಲ.

ಮಾರ್ಚ್ 4

ಬೆಟ್ಟದ ಕಥೆ ಗೊತ್ತಿರುವುದೇ. ಗಡಿಕಲ್ಲಿಗಾಗಿ ಬಡಿದಾಡಿದ ಅಣ್ಣತಮ್ಮ ಅದೇ ಕಲ್ಲುಗಳನ್ನು ಮೇಲೆ ಹೊತ್ತು ಮಾತೆಗೆ ಪೀಠ ಕಟ್ಟಿದರಂತೆ. ಆಮೇಲೆ ಚರ್ಚ್ ಎದ್ದಿತು. ಜಗಳವಾಡಿದವರು ಬುಡದಲ್ಲಿ ಕಲ್ಲು ಆರಿಸಿ, ಅದಲುಬದಲು ಮಾಡಿಕೊಂಡು ಹೊರಬೇಕು. ಕಲ್ಲು ಕೊಟ್ಟವರು "ಇಳಿಸು" ಅನ್ನುವವರೆಗೆ ಹೊತ್ತವರು ಇಳಿಸುವಂತಿಲ್ಲ.

ಆ ಅಣ್ಣತಮ್ಮಂದಿರಿಗೇನು ಕಷ್ಟ… ನನ್ನ ಅಕ್ಕ ಅವರಿಗೆ ಗಂಟುಬಿದ್ದಿರಲಿಲ್ಲ.

ಮಾರ್ಚ್ 5, ಸಂಜೆ

ಹೋಗಿಬಂದೆವು. ಅವಳಿಗೆಂದೇ ಕುಂಬಳಕಾಯಿ ಗಾತ್ರದ್ದು ಹುಡುಕಿ ಕೊಟ್ಟೆ. ಅವಳು ನನಗೆ ಕೊಟ್ಟದ್ದು ನಿಂಬೆಹಣ್ಣಿನಷ್ಟು. ಮೈಯೆಲ್ಲ ಉರಿಯಿತು. ಇಲ್ಲೂ ಇವಳೇ ದೊಡ್ಡವಳಾಗಬೇಕು! ಮೆಟ್ಟಿಲುದ್ದಕ್ಕೂ ಬೆನ್ನ ಹಿಂದೆ ಅವಳ ಏದುಸಿರು. ಜಪಮಾಲೆ ಹಿಡಿದ ಅಜ್ಜಿಯೊಬ್ಬರು "ಅಯ್ಯೋ ಪಾಪ" ಅಂದರು. ನನಗಲ್ಲ.

ಮಾತೆಯ ಮುಂದೆ ನಿಂತದ್ದೇ ಅವಳು, "ಇಳಿಸು." ಇಳಿಸಿದೆ.

ಈಗ ನನ್ನ ಸರದಿ. ಅಪ್ಪನ ಪೆಟ್ಟಿಗೆ, ಆ ಜನ, ಅವಳ ಬಾಯಿ — ಎಲ್ಲ ಕಣ್ಣ ಮುಂದೆ. "ಇಳಿಸು" ಅನ್ನದೆಯೇ ತಿರುಗಿ ಬೆಟ್ಟ ಇಳಿದುಬಿಟ್ಟೆ. ಅವಳೂ ಹಿಂದೆಯೇ, ಕಲ್ಲು ಹೊತ್ತುಕೊಂಡೇ! ಬಸ್ಸಿನಲ್ಲೂ ಮಡಿಲಲ್ಲಿ. ಕಂಡಕ್ಟರ್, "ಇದಕ್ಕೂ ಟಿಕೆಟ್ ಬೇಕೇನಮ್ಮಾ?"

ಮಾರ್ಚ್ 7, ಆಸ್ಪತ್ರೆ

ಅಕ್ಕ ವಾರ್ಡಿನ ಬಾಗಿಲಲ್ಲೇ ಬೆಂಚಿನ ಮೇಲೆ. ಮಡಿಲಲ್ಲಿ ಕಲ್ಲು. ಮೊನ್ನೆಯಿಂದ ಹೀಗೆಯೇ. ಅಮ್ಮ ಅದನ್ನು ನೋಡಿ ಗೋಡೆ ಕಡೆ ತಿರುಗಿ ಮಲಗಿದ್ದಳು. ಡಾಕ್ಟರ್ ಸಿಡುಕಿದರು, "ಇನ್ನರ್ಧ ಗಂಟೇಲಿ ಸಹಿ ಆಗ್ಬೇಕು. ಆಮೇಲೆ ನನ್ನ ಕೇಳ್ಬೇಡಿ."

ಅಕ್ಕ ಕಣ್ಣು ಮುಚ್ಚಿದ್ದಳು. ನಿದ್ದೆ ಅಂದುಕೊಂಡು ಹತ್ತಿರ ಹೋಗಿ ಪಿಸುಗುಟ್ಟಿದೆ, "ಇಳಿಸು."

ಒಂದು ಕಣ್ಣು ತೆರೆದಳು. "ಜೋರಾಗಿ ಹೇಳೇ. ಒಳಗೆ ಅಮ್ಮನಿಗೆ ಕೇಳ್ಬೇಕು."

ಥೂ ಇವಳ! ಇಡೀ ವಾರ್ಡ್ ತಿರುಗಿ ನೋಡುವಂತೆ ಕಿರುಚಿದೆ, "ಇಳಿಸೇ, ಇಳಿಸು!"

ಒಳಗಿನಿಂದ ಅಮ್ಮ, "ಪೆನ್ ಕೊಡಿ."

ಆಪರೇಷನ್ ನಡೆಯುತ್ತಿದೆ. ಅಕ್ಕ ಪಕ್ಕದಲ್ಲೇ ಕೂತು ತೋಳು ತಿಕ್ಕಿಕೊಳ್ಳುತ್ತಿದ್ದಾಳೆ. ನಾನು ಕ್ಷಮಿಸಿಲ್ಲ. ಇಳಿಸು ಅಂದೆ, ಅಷ್ಟೇ. ಎರಡೂ ಒಂದೇ ಅಂತ ಯಾರಾದರೂ ಅಂದರೆ—