ಬಾವಿಗೆ ಬಿಟ್ಟ ಬಣ್ಣದ ಎತ್ತುಗಳು

ನೇಕಾರ ಓಣಿ, ಕ್ರಿ.ಶ. 2187
ಮಣ್ಣೆತ್ತಿನ ಅಮಾವಾಸ್ಯೆ ಕಳೆದು ಐದನೇ ದಿನ

ಬಣ್ಣದ ಬಾನಿಗಳ ಮುಂದೆ ನಿಂತಿರುವ ಹಿರಿಯರಿಗೆ ಕಾಶಪ್ಪ ಬಣಗಾರನ ಶರಣು.

ಮೊದಲು ಖರ್ಚು ಹೇಳಿಬಿಡುತ್ತೇನೆ: ಒಂಬತ್ತು ವರ್ಷ, ನಾನೂರ ಹನ್ನೆರಡು ಗಾಡಿ ಮಣ್ಣು, ಒಂದು ಬಾವಿ. ನಿಮ್ಮ ಕಾಲಕ್ಕೆ ಇನ್ನೂ ಹುಟ್ಟದವನು ಕಾಗದ ಬರೆಯುವುದು ವಿಚಿತ್ರ. ನಮ್ಮ ಕಾಲದ ಪದಗಳು ಇನ್ನೂ ವಿಚಿತ್ರ. ಮನ್ನಿಸಿ. ಆದರೆ ಪೂರ್ತಿ ನಂಬಬೇಡಿ, ನಾನು ಮಣ್ಣು ಮಾರಿ ಮೇಲೆ ಬಂದವನು.

ನಾವು ಕುಡಿಯುವುದು ಆವಿನೀರು, ಅಂದರೆ ಗಾಳಿಯಿಂದ ಹಿಂಡಿದ್ದು. ತಲೆಗೆ ದಿನಕ್ಕೆ ಮೂರು ತಂಬಿಗೆ, ರುಚಿಯಿಲ್ಲ. ಓಣಿಯಲ್ಲಿ ಬಾವಿಯಿತ್ತು, ಆದರೆ ನಿಮ್ಮ ಬಾನಿಗಳ ಬಣ್ಣ ಅದರೊಳಗೆ ಇಳಿದು, ಅದಕ್ಕೆ ಮುಚ್ಚಳ ಬಿದ್ದಿತ್ತು. ಅದನ್ನು ತೊಳೆದದ್ದು ಬಣ್ಣನುಂಗು. ಜೇಡಿಮಣ್ಣನ್ನು ಆಮ್ಲದಲ್ಲಿ ನೆನೆಸಿ, ತೊಳೆದು, ಒಣಗಿಸಿ, ಸಾಬೂನಿನಂಥ ರಸಾಯನ ಸವರಿದರೆ ಕಣಕಣಕ್ಕೂ ಹಸಿವು ಹುಟ್ಟುತ್ತದೆ. ಬಾವಿನೀರನ್ನು ತೊಟ್ಟಿಗೆ ಎತ್ತಿ ಈ ಮಣ್ಣು ಕದಡಿದರೆ ನೀಲಿ, ಗುಲಾಬಿ ಎಲ್ಲವನ್ನೂ ಮೈಗೆ ಹತ್ತಿಸಿಕೊಂಡು ತಳಕ್ಕೆ ಕೂರುತ್ತದೆ, ತಿಳಿನೀರು ಬಾವಿಗೆ ಮರಳುತ್ತದೆ. ಆಮೇಲೆ ಆ ಮಣ್ಣನ್ನು ಭಟ್ಟಿಯಲ್ಲಿ ಸುಟ್ಟು ಇಟ್ಟಿಗೆ ಮಾಡಬೇಕು. ಸುಡದಿದ್ದರೆ ನುಂಗಿದ್ದನ್ನು ಕಕ್ಕುತ್ತದೆ.

ಬಾವಿಯ ಎದುರು ಮನೆಯ ತುಂಗವ್ವ ಯಾರನ್ನೂ ನಂಬುವವಳಲ್ಲ. ದಿನಾ ಸಂಜೆ ಬಿಳಿ ನೂಲಿನ ಲಡಿಯೊಂದನ್ನು ಬಾವಿಗೆ ಇಳಿಬಿಟ್ಟು ಬೆಳಗ್ಗೆ ಎತ್ತಿ ನೋಡುತ್ತಿದ್ದಳು. “ನೀರೇನೋ ತಿಳಿ ಐತಿ, ಕಾಶಪ್ಪ. ನೀ ಮಣ್ಣು ಮಾರೂವಾಗ ನಿನ್ನ ಮಾರೀನೂ ಹಿಂಗ ತಿಳಿ ಇರತೈತಿ” ಎನ್ನುತ್ತಿದ್ದಳು. ವರ್ಷವಿಡೀ ನೂಲು ಬಿಳಿಯಾಗಿಯೇ ಬಂದರೆ ಒಂದು ತಂಬಿಗೆ ಕುಡಿಯುವುದಾಗಿ ಹೇಳಿದ್ದಳು. ಅವಳ ಎಪ್ಪತ್ತು ವರ್ಷದ ಆಸೆ ಅದು. ವರ್ಷ ತುಂಬುವುದಿದ್ದದ್ದು ಈ ಅಮಾವಾಸ್ಯೆಯ ಮರುದಿನ.

ಭಟ್ಟಿ ದೂರ. ಬಣ್ಣ ನುಂಗಿದ, ಇನ್ನೂ ಸುಡದ ಹನ್ನೊಂದು ಗಾಡಿ ಮಣ್ಣು ನನ್ನ ಹಿತ್ತಿಲಲ್ಲೇ ಬಿದ್ದಿತ್ತು. ಅಮಾವಾಸ್ಯೆಗೆ ಎತ್ತು ಮಾಡಲು ಓಣಿಯ ಹೆಂಗಸರು ಬುಟ್ಟಿ ಹಿಡಿದು ಬಂದರು. “ಕಾಕಾ, ಇಂಥಾ ಬಣ್ಣದ ಮಣ್ಣು ಎಲ್ಲೂ ಇಲ್ಲ ನೋಡ್ರಿ.” ಒಯ್ಯಿರಿ, ಪುಕ್ಕಟೆ ಎಂದೆ. ಹಿಡಿ ಮಣ್ಣನ್ನೂ ಬಿಟ್ಟಿ ಕೊಟ್ಟವನಲ್ಲ ನಾನು. ಅಲ್ಲೇ ಅವರಿಗೆ ಅನುಮಾನ ಬರಬೇಕಿತ್ತು. ಮನೆಮನೆಯಲ್ಲೂ ನೀಲಿ, ಗುಲಾಬಿ ಎತ್ತುಗಳು. ಹೋಳಿಗೆ ಎಡೆ ಹಿಡಿದು, ಪೂಜೆ ಮಾಡಿ, ನಮ್ಮ ಓಣಿಯ ಪದ್ಧತಿಯಂತೆ ಸಂಜೆ ಬಾವಿಗೆ ಬಿಟ್ಟೆವು. ಬಾವಿ ಮತ್ತೆ ನಮ್ಮದಾಯಿತೆಂಬ ಸಂಭ್ರಮದಲ್ಲಿ ಯಾರಿಗೂ ಹೊಳೆಯಲಿಲ್ಲ. ನಾನೂ ಬಿಟ್ಟೆ, ಒಂದು ಜೋಡಿ.

ಬೆಳಗ್ಗೆ ತುಂಗವ್ವ ಲಡಿ ಎತ್ತಿದಳು. ಗುಲಾಬಿ. ಹಸಿ ನೂಲನ್ನು ತಂದು ನನ್ನ ಹೊಸ್ತಿಲ ಮೇಲಿಟ್ಟಳು. “ಸೀರಿ ನೇಯ್ಸಿ ನಿನ್ನ ಹೇಣ್ತಿಗೆ ಉಡಸು.” ಅಷ್ಟೇ ಅಂದದ್ದು.

ನೀವು ಈಗ ಇದೇ ಮಣ್ಣನ್ನು ಗಾಜಿನ ಲೋಟಗಳಲ್ಲಿ ಪರೀಕ್ಷಿಸುತ್ತಿದ್ದೀರಂತೆ. ಯಾರಾದರೂ ತಿಳಿನೀರು ಎತ್ತಿ ತೋರಿಸಿದರೆ, ತಳದ ಮಣ್ಣು ಎಲ್ಲಿಗೆ ಹೋಗುತ್ತದೆಂದು ಕೇಳಿ. ಪುಕ್ಕಟೆ ಕೊಡುತ್ತೇವೆಂದರೆ ಇನ್ನೊಮ್ಮೆ ಕೇಳಿ.

ಕೊನೆಯ ಲೆಕ್ಕ. ನನಗೆ ಹನ್ನೊಂದು ಗಾಡಿಯ ಸಾಗಣೆ ಉಳಿಯಿತು. ಓಣಿಗೆ ಒಂದು ದಿನದ ಚಂದದ ಎತ್ತುಗಳು. ಬಾವಿಗೆ ಅದರ ಹಳೆಯ ಮುಚ್ಚಳ. ತುಂಗವ್ವನಿಗೆ ಖಾಲಿ ತಂಬಿಗೆ.